ನರ್ಸ್‌ಗಳಲ್ಲಿ ನಾಯಕತ್ವ ಗುರುತಿಸುವುದು, ಬೆಳೆಸುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ನರ್ಸಿಂಗ್ ಸೂಪರಿಂಟೆಂಡೆಂಟ್‌ಗಳು, ವಾರ್ಡ್ ಇನ್‌ಚಾರ್ಜ್‌ಗಳು, ಆಸ್ಪತ್ರೆ ಆಡಳಿತದವರು ಹೆಚ್ಚಾಗಿ ಕೇಳುವ ಪ್ರಶ್ನೆಗಳು ಇಲ್ಲಿವೆ. ಕರ್ನಾಟಕದ ಜಿಲ್ಲಾಸ್ಪತ್ರೆ, ಮೆಡಿಕಲ್ ಕಾಲೇಜು ಆಸ್ಪತ್ರೆ ಮತ್ತು ಖಾಸಗಿ ಆಸ್ಪತ್ರೆಗಳ ವಾರ್ಡುಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಉತ್ತರಿಸಿದ್ದೇವೆ. ‘ಸಿಸ್ಟರ್’ ಎಂದು ಬರೆದ ಕಡೆಯಲ್ಲೆಲ್ಲ ಬ್ರದರ್‌ಗಳೂ ಸೇರಿದ್ದಾರೆ.

ವಾರ್ಡಿಗೊಬ್ಬರು ಇನ್‌ಚಾರ್ಜ್ ಸಿಸ್ಟರ್ ಇದ್ದೇ ಇರುತ್ತಾರೆ. ಮತ್ತೆ ನಾಯಕತ್ವ ಅಂತ ಹುಡುಕುವುದೇನು?

ಇನ್‌ಚಾರ್ಜ್ ಸಾಮಾನ್ಯವಾಗಿ ಇರುವುದು ಬೆಳಗಿನ ಪಾಳಿಯಲ್ಲಿ. ಮಧ್ಯಾಹ್ನ ಎರಡರಿಂದ ಮರುದಿನ ಬೆಳಿಗ್ಗೆ ಎಂಟರವರೆಗೆ, ಅಂದರೆ ದಿನದ 18 ಗಂಟೆ, ವಾರ್ಡು ನಡೆಯುವುದು ಹುದ್ದೆಯಿಲ್ಲದವರ ತೀರ್ಮಾನದ ಮೇಲೆ. ಭಾನುವಾರ, ಹಬ್ಬದ ದಿನಗಳಲ್ಲಂತೂ ಪೂರ್ತಿ ಹಾಗೆಯೇ. ರಾತ್ರಿ ಎರಡೂವರೆಗೆ ಒಬ್ಬರಿಗೆ ಏದುಸಿರು ಶುರುವಾಯಿತು ಎಂದಿಟ್ಟುಕೊಳ್ಳಿ. ಡಾಕ್ಟರಿಗೆ ಫೋನ್ ಮಾಡುವವರು ಯಾರು, ಆಕ್ಸಿಜನ್ ಹಾಕುವವರು ಯಾರು, ಉಳಿದ 29 ಹಾಸಿಗೆ ಯಾರ ಕಣ್ಣಳತೆಯಲ್ಲಿರಬೇಕು ಎಂದು ಅರ್ಧ ನಿಮಿಷದಲ್ಲಿ ಹಂಚಿಕೊಡುವವರೇ ಆ ಹೊತ್ತಿನ ನಾಯಕಿ. ಅವರ ಬ್ಯಾಡ್ಜಿನಲ್ಲಿ ಏನು ಬರೆದಿದೆ ಎಂಬುದು ಆಗ ಯಾರಿಗೂ ಬೇಕಿರುವುದಿಲ್ಲ.

ಕೇಂದ್ರ ಸರ್ಕಾರದ ಆಸ್ಪತ್ರೆಗಳಲ್ಲಿ 2016ರಿಂದ ಸ್ಟಾಫ್ ನರ್ಸ್ ಎಂಬುದು ‘ನರ್ಸಿಂಗ್ ಆಫೀಸರ್’ ಆಯಿತು. ನಮ್ಮಲ್ಲೂ ‘ಶುಶ್ರೂಷಾಧಿಕಾರಿ’ ಎಂಬ ಮಾತು ಬಳಕೆಗೆ ಬಂದಿದೆ. ಒಳ್ಳೆಯದೇ. ಆದರೆ ಅಧಿಕಾರಿ ಎಂದು ಕರೆಸಿಕೊಂಡವರು ಒಂದು ಡಜನ್ ಕೈಗವಸು ತರಿಸಲು ಮೂರು ಸಹಿ ಹಾಕಿಸಬೇಕಾದ ಸ್ಥಿತಿ ಇನ್ನೂ ಹಲವು ಕಡೆ ಇದೆ. ಈ ಪುಟದಲ್ಲಿ ಹೇಳಿರುವುದೆಲ್ಲ ಆ ಅಂತರವನ್ನು ಕಡಿಮೆ ಮಾಡುವ ಬಗ್ಗೆ.

ಯಾರಲ್ಲಿ ನಾಯಕತ್ವ ಇದೆ ಅಂತ ಗುರುತಿಸೋದು ಹೇಗೆ? ಏನು ನೋಡಬೇಕು?

ಸಂದರ್ಶನ, ಮೀಟಿಂಗು, ಸ್ಟೇಜಿನ ಮೇಲಿನ ಮಾತು ಇವು ಯಾವುದೂ ಬೇಡ. ಎರಡು ವಾರ ವಾರ್ಡಿನಲ್ಲಿ ಕಣ್ಣಿಟ್ಟರೆ ಸಾಕು, ಆದರೆ ಸರಿಯಾದ ಹೊತ್ತಿನಲ್ಲಿ ಇಡಬೇಕು.

ಮೊದಲನೆಯದು ಪಾಳಿ ಬದಲಾಗುವ ಹೊತ್ತು. ಹ್ಯಾಂಡ್‌ಓವರ್ ಕೇಳಿ. “ಬೆಡ್ ಆರು, ಸ್ಟೇಬಲ್, ಎಲ್ಲಾ ಇಂಜೆಕ್ಷನ್ ಆಗಿದೆ” ಎಂದು ಓದಿ ಮುಗಿಸುವವರು ಒಂದು ಬಗೆ. “ಬೆಡ್ ಆರು ಸ್ಟೇಬಲ್ ಅಂತ ಬರೆದಿದೆ, ಆದರೆ ಮಧ್ಯಾಹ್ನದಿಂದ ಯೂರಿನ್ ಕಮ್ಮಿ ಆಗ್ತಿದೆ, ನಾಲ್ಕು ಗಂಟೆಗೆ ಮತ್ತೆ ಅಳೆಯಿರಿ, 30 ಎಂಎಲ್‌ಗಿಂತ ಕಮ್ಮಿ ಇದ್ದರೆ ಕಾಲ್ ಮಾಡಿ” ಎನ್ನುವವರು ಇನ್ನೊಂದು ಬಗೆ. ಎರಡನೆಯವರು ಮುಂದಿನ ಪಾಳಿಯವರ ಯೋಚನೆಯನ್ನೂ ತಾವೇ ಮಾಡಿ ಹೋಗುತ್ತಿದ್ದಾರೆ. ಅವರ ಹೆಸರು ಬರೆದುಕೊಳ್ಳಿ.

ಎರಡನೆಯದು ಕ್ರ್ಯಾಶ್ ಕಾರ್ಟ್, ಅಂದರೆ ತುರ್ತು ಔಷಧ ಮತ್ತು ಉಪಕರಣಗಳ ಗಾಡಿ. ಚೆಕ್‌ಲಿಸ್ಟಿನಲ್ಲಿ ದಿನಾ ಟಿಕ್ ಬಿದ್ದಿರುತ್ತದೆ. ಟಿಕ್ ಹಾಕಿದವರಲ್ಲಿ ನಿಜವಾಗಿ ಲ್ಯಾರಿಂಗೋಸ್ಕೋಪ್ (ಗಂಟಲೊಳಗೆ ನೋಡುವ ಉಪಕರಣ) ಬಿಡಿಸಿ ಬಲ್ಬು ಉರಿಯುತ್ತದೆಯೇ ಎಂದು ನೋಡಿದವರು ಯಾರು, ಆಡ್ರಿನಾಲಿನ್ ಆಂಪೂಲ್‌ನ ಎಕ್ಸ್‌ಪೈರಿ ಓದಿದವರು ಯಾರು, ಸಕ್ಷನ್ ಹಚ್ಚಿ ಟ್ಯೂಬ್ ಮಡಚಿ ಒತ್ತಡ ಏರುತ್ತದೆಯೇ ಎಂದು ಪರೀಕ್ಷಿಸಿದವರು ಯಾರು ಎಂಬುದು ಮುಖ್ಯ. ಆಕ್ಸಿಜನ್ ಸಿಲಿಂಡರ್ ತುಂಬಿಯೇ ಇರುತ್ತದೆ, ತೆರೆಯುವ ಕೀ ಮಾತ್ರ ಪಕ್ಕದ ವಾರ್ಡಿಗೆ ಹೋಗಿರುತ್ತದೆ. ಆ ಕೀಗೆ ದಾರ ಕಟ್ಟಿ ಸಿಲಿಂಡರಿಗೇ ತೂಗುಹಾಕಿದವರು ಯಾರೆಂದು ವಿಚಾರಿಸಿ. ಯಾರೂ ಹೇಳದೆ ಒಂದು ತೊಂದರೆಯನ್ನು ಶಾಶ್ವತವಾಗಿ ಮುಗಿಸಿದವರು ಅವರು.

ಮೂರನೆಯದು ಹೊಸಬರು. ಕಾಲೇಜು ಮುಗಿಸಿ ಬಂದ ಹುಡುಗಿಗೆ ಡೋಸ್ ಲೆಕ್ಕ ಗೊತ್ತಾಗದಿದ್ದಾಗ ಯಾರ ಹತ್ತಿರ ಹೋಗುತ್ತಾಳೆ? ಇನ್‌ಚಾರ್ಜ್ ಹತ್ತಿರ ಹೋಗಲಿಕ್ಕಿಲ್ಲ, ಬೈಗುಳದ ಭಯ. ಅವಳು ಹೋಗುವುದು ತನ್ನನ್ನು ಚಿಕ್ಕದು ಮಾಡದೆ ಹೇಳಿಕೊಡುವವರ ಹತ್ತಿರ. ಮೂರು ತಿಂಗಳು ತುಂಬಿದ ಹೊಸ ನರ್ಸ್‌ಗಳನ್ನು ಒಬ್ಬೊಬ್ಬರಾಗಿ ಕರೆದು ಒಂದೇ ಪ್ರಶ್ನೆ ಕೇಳಿ: “ಗೊತ್ತಾಗದಿದ್ದಾಗ ಯಾರನ್ನ ಕೇಳ್ತೀಯ?” ನಾಲ್ಕೈದು ಜನ ಒಂದೇ ಹೆಸರು ಹೇಳಿದರೆ ಯಾವ ಮೌಲ್ಯಮಾಪನ ಫಾರ್ಮಿಗಿಂತಲೂ ಅದು ಗಟ್ಟಿ ಸಾಕ್ಷಿ.

ಕೊನೆಯದು, ಕೆಟ್ಟ ಸುದ್ದಿ ಯಾರಿಂದ ಬರುತ್ತದೆ ಎಂಬುದು. “ಇವತ್ತು ತಪ್ಪು ಔಷಧ ಕೊಡುವುದರಲ್ಲಿದ್ದೆವು, ಎರಡು ಪ್ಯಾಕೆಟ್ ಒಂದೇ ಥರ ಇದೆ” ಎಂದು ತಾವಾಗಿಯೇ ಬಂದು ಹೇಳುವವರು ವಾರ್ಡಿನಲ್ಲಿ ಬಹಳ ಜನ ಇರುವುದಿಲ್ಲ.

ಚೆನ್ನಾಗಿ ಮಾತಾಡುವವರು, ಎಲ್ಲದಕ್ಕೂ ಮುಂದೆ ಬರುವವರು ನಾಯಕರಲ್ಲವೇ?

ಇರಬಹುದು, ಇಲ್ಲದಿರಬಹುದು. ಆಡಳಿತದವರ ಕಣ್ಣಿಗೆ ಮೊದಲು ಬೀಳುವುದು ಇವರೇ ಆದ್ದರಿಂದ ಎಡವುವುದೂ ಇಲ್ಲಿಯೇ. ಇನ್ನೊಂದು ಗೊಂದಲವೂ ಇದೆ: ಎಷ್ಟು ಕೆಲಸ ಹೇರಿದರೂ ಇಲ್ಲ ಎನ್ನದವರನ್ನು ನಾಯಕಿ ಎಂದುಕೊಳ್ಳುವುದು. ಹತ್ತು ರೋಗಿಗಳನ್ನು ಒಬ್ಬರೇ ನೋಡಿಕೊಳ್ಳುವವರು ದುಡಿಮೆಗಾರರು. ಅವರಿಗೆ ಬೇಕಿರುವುದು ಸಹಾಯ, ಇನ್ನೊಂದು ಜವಾಬ್ದಾರಿಯಲ್ಲ. “ನನ್ನ ಕೈಲಿ ಹತ್ತು ಆಗಲ್ಲ, ನಾಲ್ಕನ್ನು ನೀವು ತಗೊಳ್ಳಿ, ವೆಂಟಿಲೇಟರ್ ಕೇಸ್ ನನಗಿರಲಿ” ಎಂದು ಹಂಚುವ ಗುಣವನ್ನು ನಾವು ಹುಡುಕುತ್ತಿದ್ದೇವೆ.

ಸೀನಿಯಾರಿಟಿ ಬಿಟ್ಟು ಕಿರಿಯರನ್ನು ಮುಂದೆ ತಂದರೆ ಗಲಾಟೆ ಆಗುತ್ತಲ್ಲ?

ಆಗುತ್ತದೆ. ಸರ್ಕಾರಿ ಆಸ್ಪತ್ರೆಯಲ್ಲಿ ಬಡ್ತಿ ಜ್ಯೇಷ್ಠತಾ ಪಟ್ಟಿಯ ಪ್ರಕಾರವೇ ನಡೆಯುತ್ತದೆ. ಅದನ್ನು ಮುಟ್ಟಲು ಹೋಗಬೇಡಿ, ನಿಮ್ಮ ಕೈಯಲ್ಲಿ ಅದು ಇಲ್ಲವೂ ಇಲ್ಲ. ಹುದ್ದೆ ಬೇರೆ, ಜವಾಬ್ದಾರಿ ಬೇರೆ ಎಂದು ಮೊದಲೇ ಬಿಡಿಸಿ ಹೇಳಿ. ಸೋಂಕು ನಿಯಂತ್ರಣ, ಔಷಧ ಸುರಕ್ಷತೆ, ಹಾಸಿಗೆ ಹುಣ್ಣು ತಡೆ, ಹೊಸಬರ ತರಬೇತಿ ಇಂಥ ಒಂದೊಂದು ವಿಷಯಕ್ಕೆ ವಾರ್ಡಿಗೊಬ್ಬ ‘ಲಿಂಕ್ ನರ್ಸ್’ ಮಾಡಲು ಬಡ್ತಿ ಆದೇಶ ಬೇಕಿಲ್ಲ, ಸೂಪರಿಂಟೆಂಡೆಂಟರ ಕಚೇರಿ ಆದೇಶ ಸಾಕು.

ಆದೇಶ ಹೊರಡುವ ಮುಂಚೆ ಒಂದು ಕೆಲಸ ಮಾಡಿ. ವಾರ್ಡಿನ ಅತಿ ಹಿರಿಯರನ್ನು ಕರೆದು, “ಈ ಹುಡುಗಿಗೆ ಆರು ತಿಂಗಳು ನೀವೇ ಮಾರ್ಗದರ್ಶಕರು” ಎಂದು ಬರಹದಲ್ಲೇ ಕೊಡಿ. ಹಿರಿಯರಿಗೆ ನೋವಾಗುವುದು ಕಿರಿಯರು ಮುಂದೆ ಬಂದದ್ದಕ್ಕಿಂತ ತಮ್ಮನ್ನು ಒಂದು ಮಾತೂ ಕೇಳದೆ ಪಕ್ಕಕ್ಕೆ ಸರಿಸಿದ್ದಕ್ಕೆ. ಇಪ್ಪತ್ತು ವರ್ಷ ಹೆರಿಗೆ ವಾರ್ಡಿನಲ್ಲಿದ್ದವರಿಗೆ ಪಾಠದ ಪುಸ್ತಕದಲ್ಲಿಲ್ಲದ್ದು ಬಹಳ ಗೊತ್ತಿರುತ್ತದೆ. ಹೆರಿಗೆಯಾದ ಮೇಲೆ ಪ್ಯಾಡ್ ಎಷ್ಟು ಬೇಗ ನೆನೆಯಿತು ಎಂದು ನೋಡಿಯೇ ರಕ್ತಸ್ರಾವದ ಅಂದಾಜು ಹೇಳುವವರು ಅವರು.

ಜವಾಬ್ದಾರಿ ಕೊಡುವ ಸರಿಯಾದ ಕ್ರಮ ಯಾವುದು?

ಐದು ಅಂಶ ಇರಬೇಕು, ಒಂದು ತಪ್ಪಿದರೂ ಕುಂಟುತ್ತದೆ.

1. ಬರಹದಲ್ಲಿ ಆದೇಶ. ಅರ್ಧ ಪುಟ ಸಾಕು. ಬಾಯಿಮಾತಿನಲ್ಲಿ ಕೊಟ್ಟದ್ದಕ್ಕೆ ಬೇರೆ ಪಾಳಿಯವರು ಬೆಲೆ ಕೊಡುವುದಿಲ್ಲ.
2. ಅವಧಿ. ಆರು ತಿಂಗಳು. ಆಮೇಲೆ ಮುಂದುವರಿಸಬಹುದು ಅಥವಾ ಬದಲಿಸಬಹುದು. ಅವಧಿಯಿಲ್ಲದಿದ್ದರೆ ಕೈಬಿಡುವುದೇ ಅವಮಾನವಾಗುತ್ತದೆ.
3. ಸಮಯ. ತಿಂಗಳಿಗೆ ನಾಲ್ಕು ಗಂಟೆ, ಡ್ಯೂಟಿ ಲಿಸ್ಟಿನಲ್ಲೇ ಗುರುತು ಹಾಕಿ. “ಬಿಡುವಾದಾಗ ಮಾಡಿ” ಎಂದರೆ ಅವರು ತಮ್ಮ ಆಫ್ ದಿನ ಬಂದು ಮಾಡುತ್ತಾರೆ, ಮೂರನೇ ತಿಂಗಳಿಗೆ ನಿಲ್ಲಿಸುತ್ತಾರೆ.
4. ಒಂದೇ ಒಂದು ಅಳತೆ. ಕ್ಯಾನುಲಾ (ಡ್ರಿಪ್ ಸೂಜಿಕೊಳವೆ) ಹಾಕಿದ ಜಾಗದಲ್ಲಿ ಊತ ಬಂದವರು ವಾರಕ್ಕೆ ಎಷ್ಟು, ಹೀಗೆ ಒಂದು. ಹತ್ತು ಅಳತೆ ಕೊಟ್ಟರೆ ರಿಜಿಸ್ಟರ್ ತುಂಬುತ್ತದೆ, ವಾರ್ಡು ಬದಲಾಗುವುದಿಲ್ಲ.
5. ನೇರ ದಾರಿ. ತಿಂಗಳಿಗೊಮ್ಮೆ 20 ನಿಮಿಷ ಸೂಪರಿಂಟೆಂಡೆಂಟರ ಜೊತೆ, ನಡುವೆ ಯಾರೂ ಇಲ್ಲದೆ. ಅವರು ಕೇಳಿದ್ದರಲ್ಲಿ ಒಂದನ್ನಾದರೂ ಮುಂದಿನ ಭೇಟಿಯೊಳಗೆ ಮಾಡಿಕೊಡಿ.

ಐದನೆಯದು ತಪ್ಪುವುದು ಹೆಚ್ಚು. ಮೂರು ಸಲ “ಕೈ ತೊಳೆಯುವ ಸಿಂಕಿನ ಪಕ್ಕ ಹ್ಯಾಂಡ್‌ರಬ್ ಬಾಟಲಿಗೆ ಸ್ಟ್ಯಾಂಡ್ ಬೇಕು” ಎಂದು ಬರೆದುಕೊಟ್ಟು ಏನೂ ಆಗದಿದ್ದರೆ ನಾಲ್ಕನೇ ಸಲ ಯಾರೂ ಬರೆಯುವುದಿಲ್ಲ. ಜೊತೆಯವರೂ ಅದನ್ನು ನೋಡುತ್ತಿರುತ್ತಾರೆ.

ಇರುವ ಸಿಬ್ಬಂದಿಯೇ ಸಾಲದು. ಇದಕ್ಕೆಲ್ಲ ಸಮಯ ಎಲ್ಲಿಂದ ತರೋಣ?

ನ್ಯಾಯವಾದ ಪ್ರಶ್ನೆ. ಕೇಂದ್ರ ಸರ್ಕಾರದ ಸ್ಟಾಫ್ ಇನ್‌ಸ್ಪೆಕ್ಷನ್ ಯೂನಿಟ್‌ನ ಮಾನದಂಡದಂತೆ ಸಾಮಾನ್ಯ ವಾರ್ಡಿಗೆ ಆರು ರೋಗಿಗಳಿಗೊಬ್ಬ ನರ್ಸ್ ಇರಬೇಕು, ಐಸಿಯುನಲ್ಲಿ ಒಬ್ಬರಿಗೊಬ್ಬರು. 30 ಹಾಸಿಗೆಯ ವಾರ್ಡು ಎಂದರೆ ಪಾಳಿಗೆ ಐದು ಜನ, ಮೂರು ಪಾಳಿಗೆ 15. ಆದರೆ ಒಬ್ಬರು ವರ್ಷದ 365 ದಿನ ಬರುವುದಿಲ್ಲ. ವಾರದ ಆಫ್, ಹಬ್ಬದ ರಜೆ, ಗಳಿಕೆ ರಜೆ, ಸಿಎಲ್ ಎಲ್ಲ ಕಳೆದು 255 ದಿನ ಸಿಗುತ್ತಾರೆ ಎಂದಿಟ್ಟುಕೊಂಡರೆ, 15 ಗುಣಿಸು 365 ಭಾಗಿಸು 255, ಅಂದರೆ 22 ಜನ ಬೇಕು. ನಿಮ್ಮ ವಾರ್ಡಿನಲ್ಲಿ 11 ಜನ ಇದ್ದರೆ ನಾಯಕತ್ವದ ಕಾರ್ಯಕ್ರಮ ಸಿಬ್ಬಂದಿ ಕೊರತೆಯನ್ನು ತುಂಬುವುದಿಲ್ಲ. ಹಾಗೆ ತುಂಬುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ.

ಆದರೂ ನಾಲ್ಕು ಗಂಟೆ ಸಿಗುತ್ತದೆ, ಹುಡುಕುವ ಕಡೆ ಹುಡುಕಬೇಕು. ನರ್ಸ್‌ಗಳು ಮಾಡುತ್ತಿರುವ ನರ್ಸಿಂಗ್ ಅಲ್ಲದ ಕೆಲಸಗಳ ಪಟ್ಟಿ ಒಂದು ವಾರ ಬರೆಯಿಸಿ: ಲ್ಯಾಬ್ ರಿಪೋರ್ಟ್ ತರಲು ಓಡುವುದು, ಬಿಲ್ಲಿಂಗ್ ವಿಚಾರಿಸುವುದು, ಲಿನನ್ ಎಣಿಸುವುದು, ಒಂದೇ ಮಾಹಿತಿಯನ್ನು ಮೂರು ರಿಜಿಸ್ಟರಿನಲ್ಲಿ ಬರೆಯುವುದು. ಮೂರರಲ್ಲಿ ಒಂದು ರಿಜಿಸ್ಟರನ್ನು ಯಾರೂ ಓದುವುದೇ ಇಲ್ಲ ಎಂದು ಬಹಳ ಸಲ ಗೊತ್ತಾಗುತ್ತದೆ. ಅದನ್ನು ಮುಚ್ಚಿಸಿ.

ನರ್ಸ್ ವೈದ್ಯರಿಗೆ ಎದುರು ಹೇಳುವುದನ್ನು ನಾಯಕತ್ವ ಅನ್ನಬಹುದೇ? ಅದನ್ನು ಕಲಿಸಬಹುದೇ?

ಎರಡಕ್ಕೂ ಹೌದು. ಧೈರ್ಯವಿದ್ದರೆ ಸಾಲದು, ಸಾಧನ ಬೇಕು. ಎರಡು ಸಾಧನಗಳು ಎಲ್ಲ ವಾರ್ಡಿಗೂ ಹೊಂದುತ್ತವೆ.

ಒಂದು, ಅಂಕಗಳ ಪಟ್ಟಿ. ಬ್ರಿಟನ್ನಿನ ರಾಯಲ್ ಕಾಲೇಜ್ ಆಫ್ ಫಿಜಿಷಿಯನ್ಸ್ 2017ರಲ್ಲಿ ಪರಿಷ್ಕರಿಸಿದ ‘ನ್ಯೂಸ್ 2’ (ರೋಗಿಯ ಸ್ಥಿತಿ ಹದಗೆಡುವುದನ್ನು ಮೊದಲೇ ಎಚ್ಚರಿಸುವ ಅಂಕಪಟ್ಟಿ) ಇದಕ್ಕೆ ಒಳ್ಳೆಯ ಉದಾಹರಣೆ. ಬೆಡ್ 14, ಹೊಟ್ಟೆಯ ಶಸ್ತ್ರಚಿಕಿತ್ಸೆಯಾಗಿ ಎರಡನೇ ದಿನ. ಉಸಿರಾಟ 22, ಆಕ್ಸಿಜನ್ ಹಾಕದೆ ಎಸ್‌ಪಿಓ2 (ರಕ್ತದಲ್ಲಿನ ಆಕ್ಸಿಜನ್ ಮಟ್ಟ) 94, ಬಿಪಿ ಮೇಲಿನದು 104, ಪಲ್ಸ್ 112, ಜ್ವರ 38.2 ಸೆಲ್ಸಿಯಸ್, ಎಚ್ಚರವಾಗಿದ್ದಾರೆ. ಒಂದೊಂದನ್ನೇ ನೋಡಿದರೆ ಯಾವುದೂ ಭಯ ಹುಟ್ಟಿಸುವುದಿಲ್ಲ. ರಾತ್ರಿ ಡ್ಯೂಟಿಯಲ್ಲಿ “ಸ್ವಲ್ಪ ಜ್ವರ ಇದೆ ಸರ್” ಎಂದರೆ “ಪ್ಯಾರಾಸಿಟಮಾಲ್ ಕೊಡಿ, ಬೆಳಿಗ್ಗೆ ನೋಡೋಣ” ಎಂಬ ಉತ್ತರ ಬರುತ್ತದೆ. ಅಂಕ ಹಾಕಿ: ಉಸಿರಾಟಕ್ಕೆ 2, ಎಸ್‌ಪಿಓ2ಗೆ 1, ಬಿಪಿಗೆ 1, ಪಲ್ಸ್‌ಗೆ 2, ಜ್ವರಕ್ಕೆ 1. ಒಟ್ಟು 7. ಏಳು ಅಥವಾ ಅದಕ್ಕಿಂತ ಹೆಚ್ಚಾದರೆ ಅದು ತುರ್ತುಸ್ಥಿತಿ. ಆಗ ನರ್ಸ್ ತನ್ನ ಅನಿಸಿಕೆ ಹೇಳುತ್ತಿಲ್ಲ, ಸಂಖ್ಯೆ ಹೇಳುತ್ತಿದ್ದಾರೆ. ಎರಡು ವರ್ಷ ಅನುಭವವಿರುವವರ ಮಾತಿಗೂ ಇಪ್ಪತ್ತು ವರ್ಷದವರ ಮಾತಿಗೂ ಆಗ ಒಂದೇ ತೂಕ.

ಇನ್ನೊಂದು ‘ಎಸ್‌ಬಿಎಆರ್’. ಅಮೆರಿಕದ ನೌಕಾಪಡೆಯ ಅಣು ಜಲಾಂತರ್ಗಾಮಿಗಳಿಂದ ಆಸ್ಪತ್ರೆಗೆ ಬಂದ ಪದ್ಧತಿ ಇದು. ಈಗ ಏನಾಗಿದೆ, ಹಿನ್ನೆಲೆ ಏನು, ನನ್ನ ಅಂದಾಜು ಏನು, ನನಗೇನು ಬೇಕು ಎಂಬ ನಾಲ್ಕು ಮೆಟ್ಟಿಲು. ಮೇಲಿನ ರೋಗಿಗೇ ಹೇಳುವುದಾದರೆ:

“ಸರ್, ಸರ್ಜಿಕಲ್ ವಾರ್ಡಿನಿಂದ. ಬೆಡ್ 14ಕ್ಕೆ ನ್ಯೂಸ್ ಸ್ಕೋರ್ 7 ಆಗಿದೆ, ಎರಡು ಗಂಟೆ ಹಿಂದೆ 3 ಇತ್ತು. ಲ್ಯಾಪರಾಟಮಿ ಆಗಿ ಎರಡನೇ ದಿನ, ಹೊಟ್ಟೆ ಬಿಗಿಯಾಗಿದೆ. ಸೆಪ್ಸಿಸ್ ಇರಬಹುದು ಅಂತ ನನ್ನ ಅಂದಾಜು. ನೀವು ಈಗಲೇ ಬಂದು ನೋಡಬೇಕು. ಬರುವಷ್ಟರಲ್ಲಿ ಬ್ಲಡ್ ಕಲ್ಚರ್ ತೆಗೆದಿಡಲೇ?”

ನರ್ಸ್‌ಗಳು ತಡವರಿಸುವುದು ಕೊನೆಯ ಎರಡು ಮೆಟ್ಟಿಲಿನಲ್ಲಿ. “ಅಂದಾಜು ಹೇಳುವುದು ಡಾಕ್ಟರ ಕೆಲಸ” ಎಂದು ಕಲಿಸಿಬಿಟ್ಟಿದ್ದೇವೆ. ಆದ್ದರಿಂದ ಅಭ್ಯಾಸ ಬೇಕಿರುವುದೂ ಅಲ್ಲೇ. ವಾರಕ್ಕೆ ಒಂದು ದಿನ ಹ್ಯಾಂಡ್‌ಓವರ್ ಮುಗಿದ ಮೇಲೆ ಐದು ನಿಮಿಷ, ಒಬ್ಬರು ನರ್ಸ್, ಒಬ್ಬರು ಸಿಡುಕುವ ಡಾಕ್ಟರ್ ಆಗಿ ಆಡಿ ನೋಡಲಿ. ನಿಜವಾದ ಡ್ಯೂಟಿ ಡಾಕ್ಟರೇ ಆ ಪಾತ್ರ ಮಾಡಿದರೆ ಇನ್ನೂ ಒಳ್ಳೆಯದು, ಅವರಿಗೂ ಪಾಠ.

ಎರಡು ಸಲ ಹೇಳಿದರೂ ಕೇಳದಿದ್ದರೆ ಯಾರಿಗೆ ಫೋನ್ ಮಾಡಬೇಕು ಎಂಬುದು ಫೋನಿನ ಪಕ್ಕ ಗೋಡೆಯ ಮೇಲಿರಬೇಕು, ವೈದ್ಯಕೀಯ ಅಧೀಕ್ಷಕರ ಸಹಿಯೊಂದಿಗೆ. ಆ ಸಹಿ ಇಲ್ಲದೆ “ಭಯಪಡಬೇಡಿ, ಹೇಳಿ” ಎನ್ನುವುದು ಬರೀ ಮಾತು.

ತಪ್ಪು ತಾನಾಗಿ ಬಂದು ಹೇಳಿದವರಿಗೆ ಮೆಮೊ ಕೊಡಬೇಕೋ, ಬೆನ್ನು ತಟ್ಟಬೇಕೋ?

ರೋಗಿಗೆ ತಲುಪುವ ಮೊದಲೇ ಸಿಕ್ಕಿಬಿದ್ದ ತಪ್ಪಾದರೆ ಮೆಮೊ ಪ್ರಶ್ನೆಯೇ ಬರಬಾರದು. ಸಾಂದ್ರ ಪೊಟ್ಯಾಶಿಯಂ ಕ್ಲೋರೈಡ್ ಆಂಪೂಲ್ ಡಿಸ್ಟಿಲ್ಡ್ ವಾಟರ್ ಆಂಪೂಲಿನ ಟ್ರೇಯಲ್ಲೇ ಬಿದ್ದಿತ್ತು, ಒಡೆಯುವ ಮುಂಚೆ ಲೇಬಲ್ ಓದಿದ್ದರಿಂದ ಗೊತ್ತಾಯಿತು ಎಂದು ಒಬ್ಬರು ಬರೆದುಕೊಟ್ಟರು ಎನ್ನಿ. ದುರ್ಬಲಗೊಳಿಸದೆ ನೇರ ರಕ್ತನಾಳಕ್ಕೆ ಕೊಟ್ಟರೆ ಹೃದಯವೇ ನಿಂತುಹೋಗುವ ಔಷಧವದು. ಆ ವರದಿ ಒಂದು ಜೀವ ಉಳಿಸಿದ ಹಾಗೆ. ಅದೇ ದಿನ ಆ ಆಂಪೂಲುಗಳು ವಾರ್ಡಿನ ಸಾಮಾನ್ಯ ಟ್ರೇಯಿಂದ ಹೊರಗೆ ಹೋಗಿ ಬೀಗದೊಳಗೆ ಸೇರಬೇಕು, ವರದಿ ಮಾಡಿದವರಿಗೆ “ನೀವು ಹೇಳಿದ್ದರಿಂದ ಹೀಗೆ ಬದಲಾಯಿಸಿದ್ದೇವೆ” ಎಂಬ ಚೀಟಿ ಹೋಗಬೇಕು. ವರದಿ ಹೆಚ್ಚಾದ ವಾರ್ಡನ್ನು ಕೆಟ್ಟ ವಾರ್ಡು ಎಂದು ಮೀಟಿಂಗಿನಲ್ಲಿ ತೋರಿಸುವ ಚಾಳಿ ಬಿಡಿ. ವರ್ಷಪೂರ್ತಿ ಸೊನ್ನೆ ವರದಿ ಇರುವ ವಾರ್ಡಿನ ಬಗ್ಗೆ ಚಿಂತೆ ಮಾಡಿ.

ಮೇ 12ರ ನರ್ಸ್‌ಗಳ ದಿನಕ್ಕೆ ಕೇಕ್ ಕತ್ತರಿಸಿ ‘ಬೆಸ್ಟ್ ನರ್ಸ್’ ಪ್ರಶಸ್ತಿ ಕೊಡುತ್ತೇವೆ. ಅದು ಸಾಲದೇ?

ಕೇಕ್ ಇರಲಿ, ಯಾರಿಗೆ ಬೇಡ! ಆದರೆ ರಾತ್ರಿ ಪಾಳಿಯವರು ಅದನ್ನು ಫೋಟೋದಲ್ಲಷ್ಟೇ ನೋಡುತ್ತಾರೆ ಎಂಬುದು ನೆನಪಿರಲಿ.

‘ಬೆಸ್ಟ್ ನರ್ಸ್’ ಪ್ರಶಸ್ತಿ ಹಳಸುವ ರೀತಿ ಎಲ್ಲ ಕಡೆ ಒಂದೇ. ಮೊದಲ ವರ್ಷ ನಿಜವಾಗಿ ಅರ್ಹರಿಗೆ ಹೋಗುತ್ತದೆ. ಎರಡನೇ ವರ್ಷ ಸ್ಪೆಷಲ್ ವಾರ್ಡಿನವರಿಗೆ, ಯಾಕೆಂದರೆ ದೊಡ್ಡವರು ದಾಖಲಾಗುವುದು ಅಲ್ಲಿ. ಮೂರನೇ ವರ್ಷದಿಂದ ಅಸಮಾಧಾನ ಬೇಡವೆಂದು ಸರದಿ ಶುರುವಾಗುತ್ತದೆ. ಸರದಿ ಎಂದು ಗೊತ್ತಾದ ದಿನವೇ ಅದರ ಬೆಲೆ ಮುಗಿಯಿತು.

ಅಮೆರಿಕದಲ್ಲಿ ಹುಟ್ಟಿ ಈಗ ಬೇರೆ ಬೇರೆ ದೇಶಗಳ ಆಸ್ಪತ್ರೆಗಳಲ್ಲಿರುವ ‘ಡೈಸಿ’ ಪ್ರಶಸ್ತಿಯಿಂದ ಕಲಿಯಬಹುದಾದದ್ದಿದೆ. 33ರ ವಯಸ್ಸಿನ ಪ್ಯಾಟ್ರಿಕ್ ಬಾರ್ನ್ಸ್ 1999ರಲ್ಲಿ ಪ್ಲೇಟ್‌ಲೆಟ್ ಸಂಬಂಧದ ಕಾಯಿಲೆಯಿಂದ ತೀರಿಕೊಂಡಾಗ, ನೋಡಿಕೊಂಡ ನರ್ಸ್‌ಗಳಿಗೆ ಕೃತಜ್ಞತೆ ಹೇಳಲು ಅವರ ಮನೆಯವರು ಶುರುಮಾಡಿದ್ದು ಅದು. ರೋಗಿ, ಮನೆಯವರು, ಸಹೋದ್ಯೋಗಿ ಯಾರು ಬೇಕಾದರೂ ಹೆಸರು ಸೂಚಿಸಬಹುದು. ಆದರೆ ಏನು ನಡೆಯಿತು ಎಂದು ಬರೆಯಬೇಕು. ನಮ್ಮಲ್ಲಿ ಇದನ್ನು ಮಾಡುವಾಗ ಗಮನಿಸಬೇಕಾದದ್ದು ಇಷ್ಟು: ಫಾರ್ಮ್ ಕನ್ನಡದಲ್ಲಿರಲಿ, ಮೂರೇ ಪ್ರಶ್ನೆ ಇರಲಿ. ಓದುಬರಹ ಬಾರದ ರೋಗಿಯ ಕಡೆಯವರು ಬಾಯಲ್ಲಿ ಹೇಳಿದ್ದನ್ನು ಡಿಸ್ಚಾರ್ಜ್ ಕೌಂಟರಿನಲ್ಲಿ ಬರೆದುಕೊಳ್ಳಲಿ. ಪೆಟ್ಟಿಗೆಯನ್ನು ನರ್ಸಿಂಗ್ ಸ್ಟೇಷನ್ ಎದುರು ಇಡಬೇಡಿ, ಎಲ್ಲರ ಕಣ್ಣೆದುರು ಬರೆಯಲು ಜನ ಮುಜುಗರಪಡುತ್ತಾರೆ. ಆಯ್ಕೆ ಮಾಡುವವರಿಗೆ ಹೆಸರು, ವಾರ್ಡು ಮುಚ್ಚಿ ಕೊಡಿ.

ಆಪರೇಷನ್ ಥಿಯೇಟರ್, ಡಯಾಲಿಸಿಸ್, ಸಿಎಸ್‌ಎಸ್‌ಡಿ (ಉಪಕರಣಗಳನ್ನು ಕ್ರಿಮಿಶುದ್ಧಿ ಮಾಡುವ ವಿಭಾಗ) ನರ್ಸ್‌ಗಳಿಗೆ ರೋಗಿಗಳಿಂದ ಹೆಸರು ಬರುವುದು ಅಪರೂಪ. ಮತ್ತಿನಲ್ಲಿದ್ದವರಿಗೆ ಯಾರು ನೋಡಿಕೊಂಡರೆಂದು ಹೇಗೆ ತಿಳಿಯಬೇಕು? ಅವರಿಗೆ ಸಹೋದ್ಯೋಗಿಗಳ ಸೂಚನೆಯ ದಾರಿ ಬೇರೆಯೇ ಇರಬೇಕು.

ಕೇಂದ್ರ ಸರ್ಕಾರ 1973ರಲ್ಲಿ ಸ್ಥಾಪಿಸಿದ ರಾಷ್ಟ್ರೀಯ ಫ್ಲಾರೆನ್ಸ್ ನೈಟಿಂಗೇಲ್ ಪ್ರಶಸ್ತಿಗೆ ಅರ್ಹರಿದ್ದರೆ ಹೆಸರು ಕಳಿಸಿ. ಅರ್ಜಿಗೆ ದಾಖಲೆ ಬೇಕು. ಒಳ್ಳೆಯ ಕೆಲಸದ ದಾಖಲೆಯನ್ನು ವರ್ಷವಿಡೀ ಇಟ್ಟಿಲ್ಲದಿದ್ದರೆ ಕೊನೆಯ ವಾರ ಬರೆಯಲು ಏನೂ ಸಿಗುವುದಿಲ್ಲ.

ದಿನನಿತ್ಯ ಮೆಚ್ಚುಗೆ ಹೇಳುವುದಕ್ಕೂ ಕ್ರಮ ಇದೆಯೇ?

ಇದೆ. ನಡೆದ ಎರಡು ದಿನದೊಳಗೆ, ನಡೆದದ್ದನ್ನೇ ಹೆಸರಿಸಿ, ಬರಹದಲ್ಲಿ. “ಗುಡ್ ವರ್ಕ್, ಕೀಪ್ ಇಟ್ ಅಪ್” ಎಂಬುದು ಯಾರಿಗೂ ಏನನ್ನೂ ಹೇಳುವುದಿಲ್ಲ. ಬದಲಿಗೆ: “ಮಂಗಳವಾರ ರಾತ್ರಿ ಬೆಡ್ 9ರ ಕಾರ್ಡಿಯಾಕ್ ಅರೆಸ್ಟ್‌ನಲ್ಲಿ ನೀವು ಪ್ರತಿ ಎರಡು ನಿಮಿಷಕ್ಕೆ ಕಂಪ್ರೆಷನ್ ಮಾಡುವವರನ್ನು ಬದಲಿಸಿದಿರಿ, ಸಮಯವನ್ನು ಗಟ್ಟಿಯಾಗಿ ಹೇಳುತ್ತಿದ್ದಿರಿ, ರೋಗಿಯ ಮಗನನ್ನು ಹೊರಗೆ ಕೂರಿಸಿ ಒಬ್ಬರನ್ನು ಜೊತೆಗೆ ಬಿಟ್ಟಿರಿ.” ಇದರ ಒಂದು ಪ್ರತಿ ವೈಯಕ್ತಿಕ ಕಡತಕ್ಕೆ ಹೋಗಲಿ. ಹೆಚ್ಚಿನ ಆಸ್ಪತ್ರೆಗಳಲ್ಲಿ ಆ ಕಡತದಲ್ಲಿರುವುದು ರಜೆ ಅರ್ಜಿ ಮತ್ತು ಮೆಮೊ ಮಾತ್ರ.

ಒಳ್ಳೆಯ ನರ್ಸ್‌ರನ್ನು ಇನ್‌ಚಾರ್ಜ್ ಮಾಡಿದೆವು. ಆರು ತಿಂಗಳಲ್ಲಿ ಕುಗ್ಗಿಹೋದರು. ಯಾಕೆ?

ಬಹಳ ಮಟ್ಟಿಗೆ ಕಾರಣ ಸ್ಟಾಕ್. ಇನ್‌ಚಾರ್ಜ್ ಆದ ಮೊದಲ ದಿನವೇ ಹಿಂದಿನವರು ಬಿಟ್ಟುಹೋದ ಇನ್ವೆಂಟರಿಗೆ ಸಹಿ ಹಾಕಿಸುತ್ತಾರೆ. ಅದರಲ್ಲಿ 40 ಕಿಡ್ನಿ ಟ್ರೇ ಎಂದಿರುತ್ತದೆ, ಕಪಾಟಿನಲ್ಲಿ 31 ಇರುತ್ತವೆ. ಒಡೆದ ಬಿಪಿ ಉಪಕರಣ ಕಂಡೆಮ್ನೇಷನ್ (ನಿರುಪಯುಕ್ತವೆಂದು ಲೆಕ್ಕದಿಂದ ತೆಗೆಯುವುದು) ಆಗದೆ ನಾಲ್ಕು ವರ್ಷದಿಂದ ಬಿದ್ದಿರುತ್ತದೆ. ಕಳೆದದ್ದು ತಮ್ಮ ಸಂಬಳದಿಂದ ಹೋಗುತ್ತದೋ ಎಂಬ ಹೆದರಿಕೆಯಲ್ಲಿ ಅವರು ರೋಗಿಯ ಹತ್ತಿರ ಇರುವುದನ್ನು ಬಿಟ್ಟು ಕಪಾಟು ಕಾಯುತ್ತಾರೆ. ಹೊಸ ಥರ್ಮಾಮೀಟರ್‌ಗಳು ಬೀಗದೊಳಗೆ, ವಾರ್ಡಿನಲ್ಲಿ ಒಂದೇ ಒಂದು. ಯಾವ ಗುಣ ನೋಡಿ ಆರಿಸಿದೆವೋ ಅದನ್ನೇ ಹೀಗೆ ಒಣಗಿಸುತ್ತೇವೆ.

ಎರಡನೆಯ ಕಾರಣ ಡ್ಯೂಟಿ ಲಿಸ್ಟು. ನಿನ್ನೆಯವರೆಗೆ ಜೊತೆಯಲ್ಲಿ ಟೀ ಕುಡಿಯುತ್ತಿದ್ದವರಿಗೆ ಇಂದು ಹಬ್ಬದ ದಿನ ನೈಟ್ ಹಾಕಬೇಕು. ನಿಯಮ ಬರಹದಲ್ಲಿಲ್ಲದಿದ್ದರೆ ಪ್ರತಿ ಸಾಲೂ ವೈಯಕ್ತಿಕವಾಗುತ್ತದೆ. ಸತತ ನೈಟ್ ಎಷ್ಟು, ನೈಟ್ ಮುಗಿದ ಮೇಲೆ ಆಫ್ ಎಷ್ಟು, ಯುಗಾದಿ, ದೀಪಾವಳಿ, ರಂಜಾನ್, ಕ್ರಿಸ್‌ಮಸ್ ರಜೆ ಯಾವ ಸರದಿಯಲ್ಲಿ, ಕೊನೇ ಗಳಿಗೆಯಲ್ಲಿ ಬದಲಿಸಬೇಕಾದರೆ ಯಾರು ಒಪ್ಪಬೇಕು, ಇಷ್ಟನ್ನು ಒಂದು ಪುಟದಲ್ಲಿ ಬರೆದು ಗೋಡೆಗೆ ಅಂಟಿಸಿ. ಆಮೇಲೆ ಜಗಳ ನಿಯಮದ ಜೊತೆ, ಇನ್‌ಚಾರ್ಜ್ ಜೊತೆಯಲ್ಲ.

ತಯಾರಿಗೆ ಕನಿಷ್ಠ ನಾಲ್ಕು ವಾರ ಕೊಡಿ. ಮೊದಲ ವಾರ ಹಳೆಯ ಇನ್‌ಚಾರ್ಜ್ ಜೊತೆ ನೆರಳಿನಂತೆ ಓಡಾಡಲಿ, ಸಹಿ ಅಧಿಕಾರ ಬೇಡ. ಎರಡನೇ ವಾರ ಇಂಡೆಂಟ್ (ಸಾಮಾನು ಬೇಡಿಕೆ ಪಟ್ಟಿ), ಔಷಧ ಮತ್ತು ಸ್ಟಾಕ್: ಮೂರನೆಯವರೊಬ್ಬರ ಎದುರು ನಿಜವಾದ ಎಣಿಕೆ ಆಗಿ, ಇಲ್ಲದ್ದನ್ನು ಇಲ್ಲವೆಂದೇ ಬರೆದು ಸಹಿ ಆಗಲಿ. ಮೂರನೇ ವಾರ ಮುಂದಿನ ತಿಂಗಳ ಡ್ಯೂಟಿ ಲಿಸ್ಟು ಅವರೇ ಹಾಕಲಿ, ಹಳೆಯವರು ತಿದ್ದಲಿ. ನಾಲ್ಕನೇ ವಾರ ಪೂರ್ತಿ ಅವರದೇ, ಹಳೆಯವರು ಫೋನಿನಲ್ಲಿ ಸಿಗಲಿ. ನಿವೃತ್ತಿಯ ದಿನ ಮಧ್ಯಾಹ್ನ ಕೀ ಗೊಂಚಲು ಕೈಗಿಟ್ಟು ಹೋಗುವ ಪದ್ಧತಿಗೆ ಹೋಲಿಸಿದರೆ ಇದು ದುಬಾರಿಯೇನಲ್ಲ.

ರೋಗಿಯ ಕಡೆಯವರು ಗಲಾಟೆಗೆ ನಿಂತಾಗ?

ಮುಂದೆ ನಿಂತು ಮಾತಾಡುವವರು ಒಬ್ಬರೇ ಇರಲಿ, ಇನ್ನೊಬ್ಬರು ಸೆಕ್ಯೂರಿಟಿಗೆ ಫೋನ್ ಮಾಡಲಿ, ಮೂರನೆಯವರು ಅಕ್ಕಪಕ್ಕದ ರೋಗಿಗಳ ಬಳಿ ಇರಲಿ ಎಂಬ ಹಂಚಿಕೆ ಮೊದಲೇ ಆಗಿರಬೇಕು. ವೈದ್ಯಕೀಯ ಸಿಬ್ಬಂದಿ ಮೇಲಿನ ಹಲ್ಲೆ ತಡೆಯುವ ಕರ್ನಾಟಕದ 2009ರ ಕಾಯ್ದೆ ನರ್ಸ್‌ಗಳಿಗೂ ಅನ್ವಯಿಸುತ್ತದೆ. ದೂರು ಆಸ್ಪತ್ರೆಯಿಂದ ಹೋಗಲಿ. “ನೀವೇ ಸ್ಟೇಷನ್ನಿಗೆ ಹೋಗಿ ಕೊಡಿ” ಎಂದು ಒಬ್ಬ ನರ್ಸ್‌ರನ್ನು ಒಂಟಿ ಮಾಡಿದ ಆಡಳಿತಕ್ಕೆ ಆಮೇಲೆ ಯಾರೂ ಮುಂದೆ ನಿಲ್ಲುವುದಿಲ್ಲ.

ಕಾಂಟ್ರಾಕ್ಟ್ ನರ್ಸ್‌ಗಳಿಗೂ ಜವಾಬ್ದಾರಿ ಕೊಡಬಹುದೇ?

ಕೊಡಬಹುದು, ಆದರೆ ಸಂಬಳವಿಲ್ಲದ ಬಡ್ತಿಯಾಗಿ ಅಲ್ಲ. ನಾಲ್ಕು ಗಂಟೆ ಸಮಯ, ತರಬೇತಿಗೆ ಕಳಿಸುವುದು, ಕೆಲಸದ ಪ್ರಮಾಣಪತ್ರ ಇವನ್ನಾದರೂ ಖಚಿತಪಡಿಸಿ. ಕಾಯಂ ನೇಮಕಾತಿಯ ಆಸೆ ಹುಟ್ಟಿಸಬೇಡಿ, ಅದು ನಿಮ್ಮ ಕೈಯಲ್ಲಿಲ್ಲ.

ಬೇರೆ ರಾಜ್ಯದ ನರ್ಸ್‌ಗಳಿಗೆ ಕನ್ನಡ ಬರುವುದಿಲ್ಲ. ಅವರು ವಾರ್ಡು ನಡೆಸಬಲ್ಲರೇ?

ಬೆಂಗಳೂರು, ಮಂಗಳೂರಿನ ಆಸ್ಪತ್ರೆಗಳಲ್ಲಿ ದಿನಾ ಎದುರಾಗುವ ಪ್ರಶ್ನೆ. ತಂಡವನ್ನು ನಡೆಸಬಲ್ಲರು, ರೋಗಿಯ ಮಾತು ತಪ್ಪಿಹೋಗುವ ಅಪಾಯ ಮಾತ್ರ ನಿಜ. “ಎದೆ ಹಿಡ್ಕೊಂಡಿದೆ” ಎನ್ನುವುದಕ್ಕೂ “ಎದೆ ಉರೀತಿದೆ” ಎನ್ನುವುದಕ್ಕೂ ಇರುವ ವ್ಯತ್ಯಾಸ ಅರ್ಥವಾಗಬೇಕು. ಹಾವೇರಿ, ಕಲಬುರಗಿ ಕಡೆಯ ರೋಗಿಗಳ ಮಾತು ಇನ್ನೂ ಬೇರೆ. ಸೇರಿದ ಮೊದಲ ಮೂರು ತಿಂಗಳಲ್ಲಿ ನೋವು, ಉಸಿರು, ಮಲಮೂತ್ರ, ಊಟ, ನಿದ್ದೆಗೆ ಸಂಬಂಧಿಸಿದ ನೂರು ವಾಕ್ಯ ಕಲಿಸಿ. ಕಲಿಸುವ ಕೆಲಸವನ್ನು ಒಬ್ಬ ಕಿರಿಯ ಕನ್ನಡಿಗ ನರ್ಸ್‌ಗೆ ಒಪ್ಪಿಸಿ, ಅವರಿಗೂ ಒಂದು ಜವಾಬ್ದಾರಿಯಾಯಿತು.

ಯಾವ ಕೋರ್ಸ್ ಮಾಡಿದರೆ ನಾಯಕತ್ವ ಬರುತ್ತದೆ?

ಕೋರ್ಸಿನಿಂದ ಬರುವುದಿಲ್ಲ, ಇರುವುದಕ್ಕೆ ಬಲ ಬರುತ್ತದೆ. ಜಿಎನ್‌ಎಂ (ನರ್ಸಿಂಗ್ ಡಿಪ್ಲೊಮಾ) ಮಾಡಿದವರಿಗೆ ಎರಡು ವರ್ಷದ ಪೋಸ್ಟ್ ಬೇಸಿಕ್ ಬಿಎಸ್ಸಿ, ಬಿಎಸ್ಸಿಯವರಿಗೆ ಎರಡು ವರ್ಷದ ಎಂಎಸ್ಸಿ ಇವೆ. ವಾರ್ಡು ಬಿಟ್ಟು ಬೋಧನೆಗೆ ಹೋಗಲು ಮನಸ್ಸಿಲ್ಲದವರಿಗೆ ಕ್ರಿಟಿಕಲ್ ಕೇರ್ ನರ್ಸ್ ಪ್ರಾಕ್ಟೀಷನರ್ ಕೋರ್ಸ್ ಚೆನ್ನಾಗಿ ಹೊಂದುತ್ತದೆ, ಅದರ ಕಲಿಕೆಯ ಬಹುಪಾಲು ಐಸಿಯುನಲ್ಲೇ. ಎಂಎಸ್ಸಿ ಮಾಡಿ ಬಂದವರನ್ನು ಮತ್ತೆ ಅದೇ ಪಾಳಿ, ಅದೇ ಕೆಲಸಕ್ಕೆ ಹಾಕಿದರೆ ಮಾತ್ರ ಅವರು ಮುಂದಿನ ವರ್ಷ ಇರುವುದಿಲ್ಲ.

ಬೆಳೆಸಿದವರೆಲ್ಲ ವಿದೇಶಕ್ಕೆ ಹೋಗುತ್ತಾರಲ್ಲ?

ಹೋಗುವವರು ಹೇಗೂ ಹೋಗುತ್ತಾರೆ. ಬ್ರಿಟನ್ನಿನ ಸರ್ಕಾರಿ ಆರೋಗ್ಯ ಸೇವೆ ಎನ್‌ಎಚ್‌ಎಸ್‌ನಲ್ಲಿ ಬ್ಯಾಂಡ್ (ವೇತನ ಶ್ರೇಣಿ) 5ರಿಂದ ಶುರು, ಬ್ಯಾಂಡ್ 6, ಬ್ಯಾಂಡ್ 7ರ ವಾರ್ಡ್ ಮ್ಯಾನೇಜರ್ ಎಂಬ ಮೆಟ್ಟಿಲು ಕಣ್ಣಿಗೆ ಕಾಣುತ್ತದೆ. ಯಾವ ಮೆಟ್ಟಿಲಿಗೆ ಏನು ಬೇಕು ಎಂಬುದು ಬರಹದಲ್ಲಿದೆ. ಸಂಬಳದಲ್ಲಿ ಪೈಪೋಟಿ ಕೊಡಲಾಗದಿದ್ದರೂ ಮೆಟ್ಟಿಲನ್ನಾದರೂ ಕಟ್ಟಬಹುದು.

ಅಮೆರಿಕದಲ್ಲೂ ಒಮ್ಮೆ ನರ್ಸ್‌ಗಳು ನಿಲ್ಲುತ್ತಿರಲಿಲ್ಲ. ಹಾಗಿದ್ದೂ ಕೆಲವು ಆಸ್ಪತ್ರೆಗಳಲ್ಲಿ ಮಾತ್ರ ಯಾಕೆ ನಿಲ್ಲುತ್ತಾರೆ ಎಂದು 1983ರಲ್ಲಿ 41 ಆಸ್ಪತ್ರೆಗಳನ್ನು ಅಭ್ಯಾಸ ಮಾಡಿದರು. ಒಳ್ಳೆಯ ನರ್ಸಿಂಗ್ ಇರುವ ಆಸ್ಪತ್ರೆಗಳಿಗೆ ಕೊಡುವ ಇಂದಿನ ‘ಮ್ಯಾಗ್ನೆಟ್’ ಮಾನ್ಯತೆ ಅಲ್ಲಿಂದ ಬೆಳೆದದ್ದು, 1994ರಲ್ಲಿ ಮೊದಲ ಆಸ್ಪತ್ರೆಗೆ ಸಿಕ್ಕಿತು. ವಾರ್ಡಿನ ತೀರ್ಮಾನಗಳಲ್ಲಿ ನರ್ಸ್‌ಗಳ ಮಾತು ನಡೆಯಬೇಕು ಎಂಬುದು ಅದರ ಜೀವಾಳ. ಆಸ್ಪತ್ರೆಗಳಿಗೆ ಮಾನ್ಯತೆ ಕೊಡುವ ನಮ್ಮ ಎನ್‌ಎಬಿಎಚ್‌ನಲ್ಲೂ ನರ್ಸಿಂಗ್ ಎಕ್ಸಲೆನ್ಸ್ ಪ್ರಮಾಣಪತ್ರ ಇದೆ. ಫೈಲ್ ತಯಾರಿಸುವ ಉತ್ಸಾಹದಲ್ಲಿ ನರ್ಸ್‌ಗಳನ್ನು ಇನ್ನೂ ಹತ್ತು ರಿಜಿಸ್ಟರ್ ಬರೆಯಲು ಕೂರಿಸಬೇಡಿ ಎಂಬುದೊಂದೇ ಎಚ್ಚರಿಕೆ.

ಇದೆಲ್ಲ ಫಲ ಕೊಡುತ್ತಿದೆ ಎಂದು ತಿಳಿಯುವುದು ಹೇಗೆ?

ಆರು ತಿಂಗಳಿಗೊಮ್ಮೆ ನಾಲ್ಕು ಅಂಕಿ ನೋಡಿ: ಅಪಾಯದ ಅಂಕ ಕಂಡ ಹೊತ್ತಿನಿಂದ ಡಾಕ್ಟರಿಗೆ ಫೋನ್ ಹೋಗಲು ಎಷ್ಟು ನಿಮಿಷ ಹಿಡಿಯಿತು, ತಾವಾಗಿ ಕೊಟ್ಟ ವರದಿ ಎಷ್ಟು, ಒಂದು ವರ್ಷದೊಳಗೆ ಬಿಟ್ಟುಹೋದ ಹೊಸಬರು ಎಷ್ಟು, ಲಿಂಕ್ ನರ್ಸ್‌ಗಳು ಕೇಳಿದ್ದರಲ್ಲಿ ಆಡಳಿತ ಮಾಡಿಕೊಟ್ಟದ್ದು ಎಷ್ಟು. ಮೊದಲ ಆರು ತಿಂಗಳು ವರದಿಗಳ ಸಂಖ್ಯೆ ಏರುತ್ತದೆ. ಗಾಬರಿಯಾಗಬೇಡಿ, ಮೊದಲೂ ಆಗುತ್ತಿದ್ದವು, ಈಗ ಹೇಳುತ್ತಿದ್ದಾರೆ ಅಷ್ಟೇ.

ನಮ್ಮದು 20 ಹಾಸಿಗೆಯ ನರ್ಸಿಂಗ್ ಹೋಮ್. ಎಲ್ಲಿಂದ ಶುರುಮಾಡೋಣ?

ಸಮಿತಿ, ಪ್ರಶಸ್ತಿ ಯಾವುದೂ ಬೇಡ. ಪ್ರತಿ ಪಾಳಿಗೆ ಯಾರು ಮುಖ್ಯಸ್ಥರು ಎಂದು ಡ್ಯೂಟಿ ಲಿಸ್ಟಿನಲ್ಲಿ ಹೆಸರಿಗೆ ನಕ್ಷತ್ರ ಹಾಕಿ. ರಾತ್ರಿ ಕರೆದರೆ ಮಾಲೀಕ ಡಾಕ್ಟರು ಬೈಯದೆ ಫೋನ್ ಎತ್ತಲಿ. ಕ್ರ್ಯಾಶ್ ಕಾರ್ಟ್ ಒಬ್ಬರ ಹೆಸರಿಗಿರಲಿ, ತಿಂಗಳಿಗೊಮ್ಮೆ ಎಲ್ಲರ ಎದುರು ತೆರೆದು ನೋಡಿ, ಸಿಲಿಂಡರ್ ಕೀ ಸಮೇತ. ಮೂರು ತಿಂಗಳು ಇಷ್ಟು ನಡೆದ ಮೇಲೆ ಎಸ್‌ಬಿಎಆರ್ ಅಭ್ಯಾಸಕ್ಕೆ ಕೈಹಾಕಿ.